ಹೆಸರು ಸಿಗದ ಮರಿಮೀನು ಮತ್ತು ಇಂದ್ರಾಣಿ ಮೇಡಂ

"ಸಾರ್, ಟೇಬಲ್ ಮೇಲೆ ಕೈ ಊರ್ಬೇಡಿ. ಜೋರಾಗಿ ಉಸಿರು ಬಿಟ್ರೂ ಇಲ್ಲಿ ಅಲ್ಲಾಡತ್ತೆ."

ಪತ್ರಿಕೆಗೆ ಬರೆಯಲೆಂದು ಬಂದಿರುವ ನಾನು ಕೈ ತೆಗೆಯುತ್ತೇನೆ. ಉಸಿರನ್ನೇನು ಮಾಡುವುದೆಂದು ತಿಳಿಯದೆ ಬಾಗಿಲ ಕಡೆ ಸರಿದು ನಿಲ್ಲುತ್ತೇನೆ. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೋಣನಕುಂಟೆಯ ಈ ಅಡ್ಡರಸ್ತೆಯಲ್ಲಿ ಹಾಲಿನ ವ್ಯಾನಿನವನು ಕ್ರೇಟು ಇಳಿಸಿ ಹೋದದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎರಡಂತಸ್ತಿನ ಕಟ್ಟಡ. ಕೆಳಗೆ ದೋಸೆ ಹಿಟ್ಟು ರುಬ್ಬಿ ಮಾರುವ ಅಂಗಡಿ, ಮೇಲೆ ಸಮುದ್ರ. ಸಮುದ್ರ ಎಂದದ್ದು ತಮಾಷೆಗಲ್ಲ. ಗೋಡೆಯುದ್ದಕ್ಕೂ ಕಬ್ಬಿಣದ ರ‍್ಯಾಕುಗಳು, ರ‍್ಯಾಕುಗಳ ತುಂಬ ಬೆರಳುದ್ದದ ಗಾಜಿನ ಸೀಸೆಗಳು, ಒಂದೊಂದು ಸೀಸೆಯಲ್ಲೂ ಆಲ್ಕೋಹಾಲಿನಲ್ಲಿ ಮುಳುಗಿರುವ ಮೀನಿನ ಮರಿಗಳು. ಮರಿ ಎಂದರೆ ಅಕ್ವೇರಿಯಂ ಅಂಗಡಿಯ ಮರಿಯಲ್ಲ. ಶಾವಿಗೆಯ ಮುರುಕಿನಷ್ಟು ಉದ್ದ, ಅದರಷ್ಟೇ ಬಿಳಿ. ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಚುಕ್ಕೆ ಇಲ್ಲದಿದ್ದರೆ ಅದೊಂದು ಜೀವವಾಗಿತ್ತೆಂದು ನಾನಂತೂ ನಂಬುತ್ತಿರಲಿಲ್ಲ.

ಇಂದ್ರಾಣಿ ಮೇಡಂ ಮೈಕ್ರೋಸ್ಕೋಪಿನ ಮೇಲೆ ಬಗ್ಗಿಕೊಂಡಿದ್ದಾರೆ. ವಯಸ್ಸು ಅರವತ್ತರ ಹತ್ತಿರ. ಹತ್ತಿ ಸೀರೆಯ ಮೇಲೆ ಬಿಳಿ ಕೋಟು, ಮೊಣಕೈವರೆಗೆ ಏರಿಸಿದ ಬಳೆ, ಅದು ಜಾರದಂತೆ ಹಾಕಿದ ರಬ್ಬರ್ ಬ್ಯಾಂಡು. ಬಲಗೈಯಲ್ಲಿ ಚಿತ್ರ ಬಿಡಿಸುವ ಬ್ರಶ್ಶು, ಅದರಲ್ಲಿ ನಾಲ್ಕೈದು ಕೂದಲು ಮಾತ್ರ ಉಳಿಸಿ ಮಿಕ್ಕದ್ದನ್ನು ಕತ್ತರಿಸಿದ್ದಾರೆ. ಆ ಬ್ರಶ್ಶಿನಿಂದ ಒಂದು ಮರಿಯನ್ನು ನಿಧಾನವಾಗಿ ಮಗ್ಗುಲು ಬದಲಿಸಿ, ತಲೆ ಎಡಕ್ಕೆ ಬರುವಂತೆ ಮಲಗಿಸುತ್ತಾರೆ. ಫೋಟೊ ತೆಗೆಯುತ್ತಾರೆ. ಪರದೆಯ ಮೇಲೆ ಅದು ಸರಿಯಾಗಿ ಬಂದಿದೆಯೇ ಎಂದು ನೋಡುತ್ತಾರೆ. ಸಮಾಧಾನವಾಗದೆ ಇನ್ನೊಂದು ತೆಗೆಯುತ್ತಾರೆ.

ಇಷ್ಟು ಬೆಳಿಗ್ಗೆ ಏಕೆ ಎಂದು ಕೇಳಿದರೆ ತಲೆ ಎತ್ತದೆಯೇ ನೆಲದ ಕಡೆ ಬೆರಳು ತೋರಿಸುತ್ತಾರೆ. ಏಳಕ್ಕೆಲ್ಲ ಕೆಳಗೆ ವೆಂಕಟಸ್ವಾಮಿಯವರ ಗ್ರೈಂಡರ್‌ಗಳು ಶುರುವಾಗುತ್ತವೆ. ಅವು ತಿರುಗತೊಡಗಿದರೆ ಕಟ್ಟಡ ಸಣ್ಣಗೆ ನಡುಗುತ್ತದೆ. ನಮಗೆ ನಿಮಗೆ ಅದು ಗೊತ್ತೇ ಆಗದು. ಆದರೆ ಮೈಕ್ರೋಸ್ಕೋಪಿನಡಿ ಮಲಗಿದ ಮರಿ ಕುಣಿಯತೊಡಗುತ್ತದೆ, ಫೋಟೊ ಎಲ್ಲ ಮಸುಕು. ಆದ್ದರಿಂದ ಕಣ್ಣಿನ ಕೆಲಸವೆಲ್ಲ ಗ್ರೈಂಡರ್‌ಗಿಂತ ಮುಂಚೆ, ಸೀಸೆ ತೊಳೆಯುವುದು, ಆಲ್ಕೋಹಾಲು ಬದಲಿಸುವುದು ಇತ್ಯಾದಿ ಆಮೇಲೆ. ವಿಜ್ಞಾನದ ವೇಳಾಪಟ್ಟಿಯನ್ನು ಉದ್ದಿನಬೇಳೆ ನಿರ್ಧರಿಸುವ ಊರು ಇದೊಂದೇ ಇರಬೇಕು.

ಕರಾವಳಿಯಲ್ಲಿ ದೋಣಿಯವರು ತೆಳ್ಳನೆಯ ಬಲೆ ಎಳೆದು ಹಿಡಿದ ಮರಿಗಳು ಬಾಟಲಿಗಳಲ್ಲಿ ಇಲ್ಲಿಗೆ ಬರುತ್ತವೆ. ಯಾವ ಮರಿ ಯಾವ ಮೀನಿನದು ಎಂದು ಹೇಳುವುದು ಇಂದ್ರಾಣಿಯವರ ಕೆಲಸ. ಯಾವ ಮೀನು ಎಲ್ಲಿ ಮರಿ ಮಾಡುತ್ತದೆ, ನದಿ ಕಡಲು ಸೇರುವ ಯಾವ ಅಳಿವೆಯನ್ನು ಮುಟ್ಟಬಾರದು, ಯಾವ ತಿಂಗಳು ಬಲೆ ಹಾಕಬಾರದು ಎಂಬುದೆಲ್ಲ ಕೊನೆಗೆ ಇಂಥ ಕೋಣೆಗಳಲ್ಲಿ ಕೂತವರ ಕತ್ತುನೋವಿನಿಂದಲೇ ತಿಳಿಯಬೇಕು.

"ನಮ್ಮಲ್ಲಾದ್ರೆ ಮಗು ಮೂಗು ನೋಡಿ ಇಂಥೋರ ಮನೇದು ಅಂತೀವಿ. ಇವುಕ್ಕೆ ಆ ಥರ ಏನೂ ಇರಲ್ಲ ಸಾರ್. ಅಪ್ಪ ಅಮ್ಮನ ಹೋಲಿಕೆ ಎಳ್ಳಷ್ಟೂ ಇಲ್ಲ. ಮೈ ಮೇಲಿನ ಚುಕ್ಕೆ ನೋಡ್ಬೇಕು, ಕರುಳು ಎಲ್ಲಿ ಮಡಚಿಕೊಂಡಿದೆ ನೋಡ್ಬೇಕು, ರೆಕ್ಕೆ ಎಳೆ ಎಣಿಸ್ಬೇಕು, ಬೆನ್ನುಮೂಳೆ ಎಣಿಸ್ಬೇಕು. ಅಷ್ಟಾದ್ರೂ ಒಂದೊಂದ್ಸಲ ಗೊತ್ತಾಗಲ್ಲ."

ಬೆನ್ನುಮೂಳೆ ಎಣಿಸುವ ಬಗೆಯನ್ನು ತೋರಿಸುತ್ತಾರೆ. ಮರಿಯನ್ನು ದಿನಗಟ್ಟಲೆ ಬಗೆಬಗೆಯ ದ್ರವಗಳಲ್ಲಿ ನೆನೆಸಿದರೆ ಮಾಂಸವೆಲ್ಲ ಗಾಜಿನ ಹಾಗೆ ತಿಳಿಯಾಗಿ, ಎಳೆಮೂಳೆ ನೀಲಿಯಾಗಿ, ಗಟ್ಟಿಮೂಳೆ ಕೆಂಪಾಗಿ ಕಾಣುತ್ತದೆ. ಗ್ಲಿಸರಿನ್ನಿನಲ್ಲಿಟ್ಟ ಅಂಥದೊಂದನ್ನು ನನ್ನ ಕೈಗೆ ಕೊಡುತ್ತಾರೆ. ಬನಶಂಕರಿಯಲ್ಲಿ ಹುಟ್ಟಿ, ಮೀನೆಂದರೆ ದೂರ ಸರಿದು ಬೆಳೆದವನು ನಾನು. ಆದರೂ ಆ ಕೆಂಪು ಎಲುಬಿನ ಸಾಲನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಅಷ್ಟು ಚೆಂದ. ಮೂಳೆಯ ಕೆಲಸವಾದರೆ ವಾರಕ್ಕೆ ಹತ್ತು ಮರಿ ಮುಗಿದರೆ ಹೆಚ್ಚು, ಬರೀ ಚುಕ್ಕೆ ನೋಡಿ ಬೇರೆ ಮಾಡುವುದಾದರೆ ಒಂದೇ ಬೆಳಗಿನಲ್ಲಿ ನೂರು ದಾಟಬಹುದು ಎನ್ನುತ್ತಾರೆ.

ಮೂಳೆಯೂ ಚುಕ್ಕೆಯೂ ಉತ್ತರ ಕೊಡದಿದ್ದಾಗ ಮರಿ ಪಕ್ಕದ ಕೋಣೆಗೆ ಹೋಗುತ್ತದೆ. ಅಲ್ಲಿ ಡಾಕ್ಟರ್ ವಿಭಾ ಇದ್ದಾರೆ. ಇಂದ್ರಾಣಿಯವರ ಅರ್ಧ ವಯಸ್ಸಿನವರು, ಮನೆ ಜಯನಗರ, ಕೆಲಸ ಜೀನು ಓದುವುದು. ಮರಿಯ ಮೈಯ ಒಂದು ತುಣುಕಿನಿಂದ ಜೀನಿನ ಒಂದು ಚೂರು ಹೊರತೆಗೆದು, ದೊಡ್ಡ ಮೀನುಗಳಿಂದ ಆಗಲೇ ಓದಿಟ್ಟಿರುವ ಜೀನುಗಳ ಜೊತೆ ತಾಳೆ ನೋಡುತ್ತಾರೆ. ತಾಳೆಯಾದರೆ ಹೆಸರು ಸಿಕ್ಕಿತು.

ಆ ತುಣುಕು ಎಲ್ಲಿಂದ ತೆಗೆಯಬೇಕು ಎಂಬುದಕ್ಕೆ ಇಲ್ಲೊಂದು ಕಟ್ಟುನಿಟ್ಟು ಇದೆ. ಯಾವಾಗಲೂ ಬಲಗಣ್ಣು. ಮೀನಿನ ಚಿತ್ರ ಬರೆಯುವವರೆಲ್ಲ ತಲೆಯನ್ನು ಎಡಕ್ಕಿಟ್ಟು, ಎಡ ಮಗ್ಗುಲನ್ನೇ ಬರೆಯುತ್ತಾರೆ. ಆದ್ದರಿಂದ ಎಡ ಮಗ್ಗುಲನ್ನು ಯಾರೂ ಮುಟ್ಟುವುದಿಲ್ಲ. ಬಲಗಣ್ಣನ್ನು ಸೂಜಿಯಿಂದ ಬಿಡಿಸಿ ಜೀನಿಗೆ ಕೊಡುತ್ತಾರೆ, ಮಿಕ್ಕ ಮೈ ಸೀಸೆಯಲ್ಲಿ ಉಳಿಯುತ್ತದೆ. ನಾಳೆ ಯಾರಾದರೂ ಬಂದು ಹೆಸರು ತಪ್ಪು ಎಂದರೆ ತೋರಿಸಲು ಮೈ ಇರಬೇಕಲ್ಲ. ಈ ರ‍್ಯಾಕುಗಳ ಮರಿಗಳಲ್ಲಿ ಎಷ್ಟೋ ಒಕ್ಕಣ್ಣಿನವು.

ಇಂದ್ರಾಣಿಯವರು ವಸಂತಪುರದ ಸೊಸೆ. ಗಂಡ ಶಿವರಾಮ್ ಅವರದು ರಾಗಿ ಬೆಳೆಯುತ್ತಿದ್ದ ಕುಟುಂಬ. ಈಗ ಹೊಲವಿಲ್ಲ, ಹೊಲದ ಜಾಗದಲ್ಲಿ ಬಾಡಿಗೆ ಮನೆಗಳಿವೆ. ಅತ್ತೆ ಅಂಜನಮ್ಮನವರಿಗೆ ಕೆರೆ ಮೀನಿನ ರುಚಿ ಚೆನ್ನಾಗಿ ಗೊತ್ತು, ಸೊಸೆಯ ಮೀನಿನ ಬಗ್ಗೆ ಮಾತ್ರ ಮೊದಲಿನಿಂದಲೂ ಅಸಮಾಧಾನ. "ಇಷ್ಟು ವರ್ಷದಿಂದ ಮೀನಿನ ಕೆಲಸ ಅಂತಾಳೆ, ಒಂದಿನ ಸಾರಿಗಾಗೋ ಅಂಥದ್ದು ತಂದಿಲ್ಲ ಕಣಪ್ಪ" ಎಂದು ನನ್ನ ಹತ್ತಿರವೂ ದೂರು ಹೇಳುತ್ತಾರೆ. ಭಾನುವಾರದ ಊಟದಲ್ಲಿ ಮೇಡಂ ಮೂಳೆ ಎಣಿಸುತ್ತ ಕೂರುತ್ತಾರಂತೆ, ತಟ್ಟೆ ಆರಿಹೋಗುತ್ತದಂತೆ. ಸಮುದ್ರಕ್ಕೆ ಹೋಗಿದ್ದೀರಾ ಎಂದರೆ ಮೇಡಂಗೆ ನಗು. "ಒಂದ್ಸಲ ದೋಣಿ ಹತ್ತಿದ್ದೆ. ಬಲೆ ಎಳೆಯೋದು ನೋಡ್ಬೇಕಂತ. ವಾಂತಿ ಮಾಡ್ಕೊಂಡು ಮಾಡ್ಕೊಂಡು ವಾಪಸ್ ಬಂದೆ. ನನಗೆ ಸೀಸೆ ಒಳಗಿನ ಸಮುದ್ರನೇ ಸರಿ."

ಅವರು ಜೂವಾಲಜಿಯಲ್ಲಿ ಬಿಎಸ್ಸಿ ಮುಗಿಸಿ ಕೆಲಸಕ್ಕೆ ಸೇರಿದಾಗ ಲ್ಯಾಬ್ ಜಯನಗರದಲ್ಲಿತ್ತು. ಬಾಡಿಗೆ ಏರಿದಂತೆಲ್ಲ ಬಿಟಿಎಂ ಲೇಔಟಿಗೆ ಹೋಯಿತು, ಅಲ್ಲಿಂದ ಇಲ್ಲಿಗೆ ಬಂತು. ಪ್ರತಿ ಸಲವೂ ಸೀಸೆಗಳನ್ನು ಪೇಪರಿನಲ್ಲಿ ಸುತ್ತಿ, ಟೆಂಪೋದಲ್ಲಿ ತಾವೇ ಜೊತೆಗೆ ಕೂತು ತಂದವರು ಇವರು. ಆಲ್ಕೋಹಾಲಿಗೆ ಕೈ ಚರ್ಮ ಬಿರಿದಿದೆ. ಕತ್ತು ಪೂರ್ತಿ ಎಡಕ್ಕೆ ತಿರುಗುವುದಿಲ್ಲ, ಯಾರಾದರೂ ಎಡಗಡೆಯಿಂದ ಕರೆದರೆ ಇಡೀ ಮೈ ತಿರುಗಿಸುತ್ತಾರೆ. ಇವರು ಗುರುತಿಸಿದ ಮರಿಗಳ ಮೇಲೆ ದಪ್ಪ ದಪ್ಪ ವರದಿಗಳು ಬಂದಿವೆ. ಅವುಗಳಲ್ಲಿ ಇವರ ಹೆಸರು ಎಲ್ಲಿದೆ ಎಂದು ಹುಡುಕಿದೆ. ಕೊನೆಯ ಪುಟದಲ್ಲಿ 'ತಾಂತ್ರಿಕ ಸಹಾಯ' ಎಂದಿತ್ತು, ಹೆಸರಿರಲಿಲ್ಲ. ನನಗೆ ಸಿಟ್ಟು ಬಂತು. ಅವರಿಗೆ ಬಂದಿಲ್ಲ. ಅವರ ಮನಸ್ಸನ್ನು ಕೊರೆಯುತ್ತಿರುವುದು ಬೇರೆ.

ಅದನ್ನು ಕೇಳದೆಯೇ ಹೇಳುತ್ತಾರೆ. ಹೇಳುವ ಮುಂಚೆ ಮೈಕ್ರೋಸ್ಕೋಪಿನ ದೀಪ ಆರಿಸುತ್ತಾರೆ.

ಕೆಲವು ವರ್ಷಗಳ ಹಿಂದೆ ಒಂದು ಅಳಿವೆಯಿಂದ ಬಾಟಲಿಗಳು ಬಂದಿದ್ದವು. ಊರಿನ ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಬಹಳಷ್ಟು ನಂಗು ಮೀನಿನ ಮರಿಗಳು. ನಂಗು ಎಂದರೆ ನಾಲಿಗೆಯ ಹಾಗೆ ಚಪ್ಪಟೆಯಾಗಿ ಮರಳಿಗೆ ಅಂಟಿಕೊಂಡು ಬದುಕುವ ಮೀನು. ಮರಿಯಿದ್ದಾಗ ಎಲ್ಲರಂತೆ ಆ ಕಡೆ ಒಂದು ಈ ಕಡೆ ಒಂದು ಕಣ್ಣು. ಬೆಳೆಯುತ್ತ ಬಲಗಣ್ಣು ತಲೆ ದಾಟಿಕೊಂಡು ಎಡಗಡೆಗೆ ಬಂದುಬಿಡುತ್ತದೆ, ಆಮೇಲೆ ಮೀನು ಬಲ ಮಗ್ಗುಲನ್ನು ಕೆಳಗೆ ಮಾಡಿ ಜನ್ಮವಿಡೀ ಮಲಗುತ್ತದೆ. ನಂಗು ಮರಿಯನ್ನು ಗುರುತಿಸುವುದು ಸುಲಭ, ಅದರ ನೆತ್ತಿಯ ಮೇಲೆ ಎರಡು ಉದ್ದನೆಯ ಎಳೆಗಳಿರುತ್ತವೆ. ಮಾಮೂಲಿ ಮೀನು, ಬೇಕಾದಷ್ಟು ಮರಿಗಳು. ಬಲಗಣ್ಣೊಂದರಿಂದಲೇ ಜೀನು ಸರಿಯಾಗಿ ಸಿಗುತ್ತಿರಲಿಲ್ಲವಾದ್ದರಿಂದ ಒಂದಷ್ಟನ್ನು ಇಡಿಯಾಗಿಯೇ ಅರೆಯಲು ಕೊಡಿ ಎಂದು ತೀರ್ಮಾನವಾಗಿತ್ತು.

"ಅದರಲ್ಲಿ ಒಂದಕ್ಕೆ ಮೂರು ಎಳೆ ಇತ್ತು ಸಾರ್. ನೋಡ್ದೆ. ನೋಡಿಲ್ಲ ಅಂತ ಹೇಳಲ್ಲ. ಪಕ್ಕದ ಮರೀದು ಕಿತ್ಕೊಂಡು ಬಂದು ಅಂಟ್ಕೊಂಡಿದೆ ಅಂದ್ಕೊಂಡೆ. ಆ ಥರ ಆಗ್ತಾನೇ ಇರತ್ತೆ. ಹೊಟ್ಟೆ ಕೆಳಗೆ ಚುಕ್ಕೆ ಸಾಲೂ ಸ್ವಲ್ಪ ಬೇರೆ ಥರ ಇತ್ತು. ಫೋಟೊ ತೆಗೆಯೋಣ ಅಂತ ಇಟ್ಟೆ, ಅಷ್ಟೊತ್ತಿಗೆ ಕೆಳಗೆ ಗ್ರೈಂಡರ್ ಶುರುವಾಯ್ತು."

ಅಂದು ವೆಂಕಟಸ್ವಾಮಿಯವರಿಗೆ ಯಾವುದೋ ಗೃಹಪ್ರವೇಶದ ಆರ್ಡರ್ ಇತ್ತು, ಬೇಗ ಶುರು ಮಾಡಿದ್ದರು. ಮರಿ ನಡುಗುತ್ತಿತ್ತು. ಗ್ರೈಂಡರ್ ನಿಲ್ಲುವವರೆಗೆ ಕಾಯಬಹುದಿತ್ತು. ಮರುದಿನ ಬೆಳಿಗ್ಗೆ ತೆಗೆಯಬಹುದಿತ್ತು. "ನಂಗು ತಾನೇ, ಅಂದ್ಬಿಟ್ಟೆ" ಎನ್ನುತ್ತಾರೆ ಇಂದ್ರಾಣಿ. ಫೋಟೊ ಇಲ್ಲದೆ, ಚಿತ್ರ ಇಲ್ಲದೆ, ಬಲಗಣ್ಣು ಎಡಗಣ್ಣು ಎಂಬ ಭೇದವಿಲ್ಲದೆ ಅದು ಇಡಿಯಾಗಿ ವಿಭಾ ಅವರ ಪುಟಾಣಿ ಟ್ಯೂಬಿನೊಳಕ್ಕೆ ಹೋಯಿತು.

ಕೆಲವು ವಾರಗಳ ನಂತರ ಫಲಿತಾಂಶ ಬಂತು. ಮಿಕ್ಕೆಲ್ಲವೂ ನಂಗು. ಈ ಒಂದು ಮಾತ್ರ ಯಾವುದಕ್ಕೂ ತಾಳೆಯಾಗಲಿಲ್ಲ. ನಂಗಿನ ದೂರದ ನೆಂಟ ಎನ್ನಬಹುದು, ಅದಕ್ಕಿಂತ ಹೆಚ್ಚಿಗೆ ಹೇಳಲು ಯಾರ ಹತ್ತಿರವೂ ಏನೂ ಇರಲಿಲ್ಲ. ಅಲ್ಲಿಯವರೆಗೆ ಯಾರೂ ಜೀನು ಓದಿರದ ಮೀನು. ವಿಭಾ ಖುಷಿಯಿಂದ ಕುಣಿಯುತ್ತಲೇ ಈ ಕೋಣೆಗೆ ಬಂದರಂತೆ. ಆ ಗಳಿಗೆಯನ್ನು ನೆನೆಯುವಾಗ ವಿಭಾ ಅವರ ದನಿ ಇಂದಿಗೂ ತಗ್ಗುತ್ತದೆ. "ಮೇಡಂ, ಇದ್ರ ಬಾಡಿ ತೋರ್ಸಿ ಅಂದೆ. ಅವ್ರು ನನ್ನ ಟ್ಯೂಬ್ ಕಡೆ ನೋಡಿದ್ರು. ಆಗ ಗೊತ್ತಾಯ್ತು. ಇಡೀ ಮರಿ ಕೊಡಿ ಅಂತ ಕೇಳಿದ್ದು ನಾನೇ ಅಲ್ವಾ, ನಂದೂ ಪಾಲಿದೆ ಅಂತ ಎಷ್ಟು ಹೇಳಿದ್ರೂ ಅವ್ರು ಒಪ್ಪಲ್ಲ."

ಹೀಗೆ ಒಂದು ಮೀನಿನ ಜೀನು ಫ್ರೀಜರಿನಲ್ಲಿ ಉಳಿಯಿತು, ಮೈ ಹೋಯಿತು. ಅಂದು ಸಂಜೆ ಇಂದ್ರಾಣಿ ನೆನಪಿನಿಂದಲೇ ಅದರ ಚಿತ್ರ ಬರೆದರು. ಚೆನ್ನಾಗಿಯೇ ಬಂತು. ಆದರೆ ಕಣ್ಣೆದುರು ಇಲ್ಲದ್ದನ್ನು ಬರೆದ ಚಿತ್ರಕ್ಕೆ ಈ ಲೋಕದಲ್ಲಿ ಬೆಲೆಯಿಲ್ಲ. ಅದನ್ನು ಯಾರಿಗೂ ಕೊಟ್ಟಿಲ್ಲ, ಹರಿದೂ ಹಾಕಿಲ್ಲ. ಅಂದಿನಿಂದ ಅವರು ಪ್ರತಿ ಬಾಟಲಿಯಲ್ಲೂ ಮೊದಲು ಹುಡುಕುವುದು ಮೂರು ಎಳೆಯ ಮರಿಯನ್ನು. ಅದೇ ಅಳಿವೆಯಿಂದ ಮತ್ತೆ ತರಿಸೋಣವೆಂದರೆ, ಅಲ್ಲಿ ಸಮುದ್ರಕ್ಕೆ ಕಲ್ಲು ಸುರಿದು ತಡೆಗೋಡೆ ಕಟ್ಟುವ ಕೆಲಸ ಶುರುವಾಗಿ, ನೀರಿನ ದಾರಿಯೇ ಬದಲಾಗಿದೆ. ಬಲೆ ಎಳೆಯಲು ಈಗ ಯಾರನ್ನೂ ಬಿಡುವುದಿಲ್ಲ.

ಈ ವರ್ಷ ಇದ್ದಕ್ಕಿದ್ದಂತೆ ಒಂದು ಹಳೆಯ ಡಬ್ಬ ಬಂತು. ಬೇರೊಂದು ತಂಡದವರು ಅದೇ ಅಳಿವೆಯಲ್ಲಿ ಗೋಡೆಗಿಂತ ಮುಂಚೆ ಹಿಡಿದು, ನೋಡಲು ಪುರುಸೊತ್ತಿಲ್ಲದೆ ಇಟ್ಟಿದ್ದ ಮರಿಗಳು. ಮುಚ್ಚಳ ತೆಗೆಯುತ್ತಿದ್ದಂತೆ ಕಣ್ಣಿಗೆ ಖಾರ ಬಡಿದಂತಾಯಿತು ಎನ್ನುತ್ತಾರೆ ಇಂದ್ರಾಣಿ. ಆಲ್ಕೋಹಾಲಲ್ಲ, ಫಾರ್ಮಾಲಿನ್. ಫಾರ್ಮಾಲಿನ್‌ನಲ್ಲಿಟ್ಟ ಮೈ ಒಂದಿಷ್ಟೂ ಕೆಡುವುದಿಲ್ಲ, ಆದರೆ ಒಳಗಿನ ಜೀನು ಚೂರುಚೂರಾಗುತ್ತದೆ. ಮೈಯ ಅಂದ ಬೇಕಾದವರು ಹಿಂದೆಲ್ಲ ಅದರಲ್ಲೇ ಇಡುತ್ತಿದ್ದರು.

ಆ ಡಬ್ಬದಲ್ಲಿ ಅದಿತ್ತು.

"ನೋಡಿದ ತಕ್ಷಣ ಗೊತ್ತಾಯ್ತು ಸಾರ್. ಮೂರು ಎಳೆ. ಅದೇ ಚುಕ್ಕೆ ಸಾಲು. ಅವತ್ತು ನಾನು ಅಂಟ್ಕೊಂಡಿದೆ ಅಂದ್ಕೊಂಡಿದ್ನಲ್ಲ, ಆ ಮೂರನೇ ಎಳೆ ಬುಡದಿಂದಾನೇ ಹುಟ್ಟಿದೆ. ಒಬ್ಳೇ ಇದ್ದೆ. ಅಳು ಬಂದ್ಬಿಡ್ತು."

ಬಲಗಣ್ಣು ತೆಗೆದು ವಿಭಾ ಅವರಿಗೆ ಕೊಟ್ಟರು. ಜೀನು ಸಿಗಲಿಲ್ಲ. ಸಿಕ್ಕಿದ್ದಷ್ಟೂ ಓದಲಾಗದಂಥ ಚೂರು. ಒಂದು ಕಡೆ ಮೈಯಿಲ್ಲದ ಜೀನು, ಇನ್ನೊಂದು ಕಡೆ ಜೀನಿಲ್ಲದ ಮೈ. ಎರಡೂ ಒಂದೇ ಮೀನಿನವು ಎಂದು ಹೇಳಲು ಇರುವುದು ಇಂದ್ರಾಣಿಯವರ ನೆನಪೊಂದೇ. ಉಳಿದ ಮೈಯನ್ನೂ ಅರೆದರೆ ಹೊಸ ವಿಧಾನದಲ್ಲಿ ಒಂದಿಷ್ಟು ಸಿಕ್ಕೀತೇನೋ ಎಂದು ವಿಭಾ ಅಳುಕುತ್ತಲೇ ಕೇಳಿದರಂತೆ. ಇಂದ್ರಾಣಿ ಸೀಸೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಮನೆಗೆ ಹೊರಟುಬಿಟ್ಟರಂತೆ. ಮರುದಿನ ತಂದಿಟ್ಟು, ಸಿಟ್ಟು ಮಾಡಿಕೊಂಡಿದ್ದಕ್ಕೆ ಕ್ಷಮೆ ಕೇಳಿದರಂತೆ.

ಲ್ಯಾಬಿನ ಮುಖ್ಯಸ್ಥ ಡಾಕ್ಟರ್ ಭಾರ್ಗವ ಒಳ್ಳೆಯ ಮನುಷ್ಯ. ಒಂದು ದಾರಿಯನ್ನೂ ಹೇಳಿದರು. ಎರಡೂ ಒಂದೇ ಎಂದು ಪ್ರಬಂಧ ಬರೆಯೋಣ, ಮೊದಲ ಮರಿಯನ್ನು ಕಣ್ಣಾರೆ ಕಂಡವರು ನೀವು, ನಿಮ್ಮ ಹೆಸರೇ ಮೊದಲು ಹಾಕೋಣ. ಮುಂದಿನ ವರ್ಷ ನಿವೃತ್ತಿಯಾಗುವವರಿಗೆ, ಕೊನೆಯ ಪುಟದಲ್ಲೂ ಹೆಸರು ಕಾಣದವರಿಗೆ, ಇದು ಸಣ್ಣ ಮಾತಲ್ಲ. ಇಂದ್ರಾಣಿ ಒಂದು ರಾತ್ರಿ ಯೋಚಿಸಿ, ಬೇಡ ಎಂದರು.

ನನಗೆ ತಡೆಯಲಾಗಲಿಲ್ಲ. ನಿಮಗೆ ಅದೇ ಎಂದು ಗೊತ್ತಲ್ಲವಾ ಎಂದು ಕೇಳಿಯೇಬಿಟ್ಟೆ.

"ಗೊತ್ತು ಸಾರ್. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಅದೇ ಅಂತೀನಿ. ಆದ್ರೆ ಅವತ್ತೂ ನನಗೆ ಗೊತ್ತಿತ್ತಲ್ಲ, ಅದು ನಂಗು ಅಂತ." ಬ್ರಶ್ಶನ್ನು ಒರೆಸಿಡುತ್ತ ಮುಂದುವರಿಸುತ್ತಾರೆ. "ಇವತ್ತು ನಾನು ಬರೆದ್ರೆ ನಾಳೆ ಯಾರೋ ಹುಡ್ಗಿ ಅದನ್ನೇ ನಂಬ್ಕೊಂಡು ಇನ್ನೊಂದು ನೂರು ಮರಿಗೆ ಅದೇ ಹೆಸರು ಹಾಕ್ತಾಳೆ. ಒಂದ್ಸಲ ಅವಸರ ಮಾಡಿ ಅದರ ಮೈ ಕಳ್ದೆ. ಇನ್ನೊಂದ್ಸಲ ಅವಸರ ಮಾಡಿ ಅದಕ್ಕೆ ಸುಳ್ಳು ಹೆಸರು ಇಡ್ಲಾ?"

ಅವರು ಎದ್ದು, ರ‍್ಯಾಕಿನ ಮೂಲೆಯಿಂದ ಒಂದು ಸೀಸೆ ತರುತ್ತಾರೆ. ಗ್ಲಿಸರಿನ್ನಿನಲ್ಲಿ ಆ ಒಕ್ಕಣ್ಣಿನ ಮರಿ, ತಲೆ ಎಡಕ್ಕೆ. ಮೂರು ಎಳೆಗಳೂ ಬರಿಗಣ್ಣಿಗೆ ಕಾಣುವುದಿಲ್ಲ, ಅವರು ಹೇಳಿದ ಮೇಲೆ ಕಂಡಂತೆನಿಸುತ್ತದೆ. ಒಳಗೆ ಒಂದು ಕಾಗದದ ಚೀಟಿ. ಶಾಯಿ ಕರಗುತ್ತದೆಂದು ಇಲ್ಲಿ ಎಲ್ಲವನ್ನೂ ಪೆನ್ಸಿಲಿನಲ್ಲೇ ಬರೆಯುತ್ತಾರೆ. ಹೆಸರಿನ ಜಾಗ ಖಾಲಿ ಇದೆ. ಪಕ್ಕದಲ್ಲಿ ಇನ್ನೊಂದು ಸೀಸೆ, ಅದರಲ್ಲಿ ಶುದ್ಧ ಆಲ್ಕೋಹಾಲು ಮಾತ್ರ. ಅದು ಇನ್ನೂ ಸಿಗಬೇಕಾದ ಮರಿಗಾಗಿ ಎಂದು ಕೇಳದೆಯೇ ಗೊತ್ತಾಗುತ್ತದೆ. ಆಲ್ಕೋಹಾಲು ಆವಿಯಾಗಿ ಇಳಿದಂತೆಲ್ಲ ಅದನ್ನು ಮತ್ತೆ ತುಂಬಿಸಿಡುತ್ತಾರೆ.

"ಬರತ್ತೋ ಇಲ್ವೋ. ಗೋಡೆ ಆಚೆ ಎಲ್ಲಾದ್ರೂ ಹೋಗಿ ಮರಿ ಮಾಡ್ತಿರಬಹುದು. ನಾನಿರೋವಾಗ್ಲೇ ಬರ್ಲಿ ಅಂತ ಆಸೆ. ನಾನಿಲ್ದಾಗ ಬಂದ್ರೂ ಪರ್ವಾಗಿಲ್ಲ, ಮೊದ್ಲು ಫೋಟೊ, ಆಮೇಲೆ ಬಲಗಣ್ಣು, ಅಷ್ಟೇ ಅಂತ ವಿಭಾಗೆ ಹೇಳಿಟ್ಟಿದ್ದೀನಿ."

ಮೆಟ್ಟಿಲ ಕೆಳಗಿನಿಂದ ದನಿ ಕೇಳುತ್ತದೆ. "ಮೇಡಂ, ಹಾಕ್ಲಾ?" ವೆಂಕಟಸ್ವಾಮಿಯವರು. ಈಚೆಗೆ ಎಂಥ ಆರ್ಡರ್ ಇದ್ದರೂ ಕೇಳದೆ ಅವರು ಗ್ರೈಂಡರ್ ಹಾಕುವುದಿಲ್ಲ. ನಡುಗಿದರೆ ಫೋಟೊ ಬರುವುದಿಲ್ಲ ಎಂದಷ್ಟೇ ಮೇಡಂ ಅವರಿಗೆ ಹೇಳಿರುವುದು. ಆ ಗೃಹಪ್ರವೇಶದ ಬೆಳಗಿನ ವಿಷಯ ಹೇಳಿಲ್ಲ. ಇದು ಪತ್ರಿಕೆಯಲ್ಲಿ ಬಂದರೆ ಅವರಿಗೆ ಗೊತ್ತಾಗುತ್ತದಲ್ಲ, ಬರೆಯಲೋ ಬೇಡವೋ ಎಂದು ಕೇಳುತ್ತೇನೆ.

ಇಂದ್ರಾಣಿ ಮೇಡಂ ಎರಡೂ ಸೀಸೆಗಳನ್ನು ರ‍್ಯಾಕಿಗೆ ಸೇರಿಸಿ, ಮೈಕ್ರೋಸ್ಕೋಪಿಗೆ ಹೊದಿಕೆ ಹಾಕುತ್ತಾರೆ. ಇಡೀ ಮೈ ತಿರುಗಿಸಿ ನನ್ನನ್ನು ನೋಡುತ್ತಾರೆ.

"ಬರೀರಿ ಸಾರ್. ಆದ್ರೆ ತಪ್ಪು ಗ್ರೈಂಡರ್‌ದಲ್ಲ, ನಂದು ಅಂತ ಬರೀರಿ."

ಆಮೇಲೆ ಮೆಟ್ಟಿಲ ಕಡೆ ಬಗ್ಗಿ ಕೂಗಿ ಹೇಳುತ್ತಾರೆ, "ಹಾಕಿ ಅಣ್ಣ. ಇವತ್ತಿಂದು ಆಯ್ತು."